ಮುಂದಿನ ವರ್ಷದ ಬೀಟ್‌ರೂಟ್ ರಸ

ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲದಿದ್ದರೂ ಕೆಂಪು ದೀಪ ಹಸಿರಾಗುವ ತನಕ ನಿಂತೇ ಇರುವ ಮನುಷ್ಯನನ್ನು ನೀವು ನೋಡಿದ್ದೀರಾ? ನಮ್ಮ ಬೀದಿಯಲ್ಲಿ ಒಬ್ಬನಿದ್ದ. ಅವನಿಗೆ ರೂಲ್ಸಣ್ಣ ಅಂತ ಹೆಸರಿಟ್ಟವಳು ಬೇರೆ ಯಾರೂ ಅಲ್ಲ, ಕಟ್ಟಿಕೊಂಡ ಹೆಂಡತಿಯೇ. ಆ ಹೆಸರು ಎಷ್ಟು ಚೆನ್ನಾಗಿ ಅಂಟಿತೆಂದರೆ ಪೋಸ್ಟ್‌ಮ್ಯಾನ್ ಕೂಡ ಹಾಗೇ ಕರೆಯುತ್ತಿದ್ದ.

ಇಂಥವನು ಹಿಡಿದ ವ್ಯಾಪಾರವಾದರೂ ಎಂಥದ್ದು ಅಂತೀರಿ! ಸಮುದ್ರದಾಚೆ ಅಕ್ಕತಂಗಿಯರಿಬ್ಬರು ರಾಸಾಯನಿಕದ ಗಾಳಿಯೂ ಸೋಕಿಸದೆ ಬೀಟ್‌ರೂಟ್ ಬೆಳೆದು, ಹಿಂಡಿ, ಹದವಾಗಿ ಹುಳಿ ಬರಿಸಿ ಬಾಟಲಿಗೆ ತುಂಬುತ್ತಿದ್ದರು. ಅದನ್ನು ವರ್ಷಕ್ಕೊಮ್ಮೆ ತರಿಸಿ ಊರಿನ ನಾಲ್ಕು ಅಂಗಡಿಗೆ ಹಾಕುವುದು. ಕುಡಿಯುವವರು ಬೆರಳೆಣಿಕೆ, ಕಾಯಿದೆಗಳು ಬೆಟ್ಟದಷ್ಟು. ಸಾವಯವ ಅನ್ನಲು ಒಂದು ಸರ್ಟಿಫಿಕೇಟು, ತರಿಸಲು ಒಂದು ಪರವಾನಗಿ, ಪ್ರತಿ ಬಾಟಲಿಗೂ ನಮ್ಮ ಭಾಷೆಯ ಲೇಬಲ್ಲು, ಪ್ರತಿ ಲೋಡಿಗೂ ಲ್ಯಾಬಿನ ಪರೀಕ್ಷೆ. ‘ಆರೋಗ್ಯಕ್ಕೆ ಒಳ್ಳೆಯದು’ ಅಂತ ಲೇಬಲ್ಲಿನ ಮೇಲೆ ಎರಡು ಮಾತು ಅಚ್ಚಾಕಿಸಿದರೆ ಪರವಾನಗಿಯ ಕಥೆ ಮುಗಿಯಿತು. ಬೇರೆಯವರಾಗಿದ್ದರೆ ಸಹವಾಸವೇ ಬೇಡಪ್ಪ ಅಂತ ಕೈಮುಗಿಯುತ್ತಿದ್ದರು. ರೂಲ್ಸಣ್ಣನಿಗೆ ಅದರಲ್ಲೇ ಸುಖ.

ಆ ವರ್ಷ ಹೆಂಡತಿ ಕಾಯಿಲೆ ಬಿದ್ದಳು. ಕೊಟ್ಟ ಔಷಧಿಗಳು ರೋಗವನ್ನು ಬಿಟ್ಟು ಅವಳ ನಾಲಿಗೆಯನ್ನು ಕೊಂದವು. ಏನು ತಿಂದರೂ ತಗಡು ನೆಕ್ಕಿದ ಹಾಗಾಗುತ್ತದೆ ಅಂತ ತಟ್ಟೆ ತಳ್ಳಿಬಿಡುತ್ತಿದ್ದಳು. ರುಚಿ ಅಂತ ಉಳಿದದ್ದು ಆ ಹುಳಿ ರಸವೊಂದಕ್ಕೇ. ಬೆಳಿಗ್ಗೆ ಅರ್ಧ ಲೋಟ ಕುಡಿದು, ಕೆಂಪಾದ ನಾಲಿಗೆಯನ್ನು ಮಗುವಿನಂತೆ ಗಂಡನಿಗೆ ಚಾಚಿ ತೋರಿಸಿ ನಗುತ್ತಿದ್ದಳು. ಹಳೆಯ ಸರಕಿನ ಕೊನೆಯ ಪೆಟ್ಟಿಗೆಯನ್ನು ಅಂಗಡಿಯವನು ಕೇಳಿದಾಗ ಕೊಡಿ ಅಂದವಳೂ ಅವಳೇ. ಹೊಸ ಲೋಡು ಹೇಗೂ ದಾರಿಯಲ್ಲಿತ್ತಲ್ಲ.

ಲೋಡು ಬಂತು. ಮೇಲೆ ಮನೆ, ಕೆಳಗೆ ಗೋದಾಮು. ಅವಳು ಗೋಡೆ ಹಿಡಿದು ಹದಿನಾರು ಮೆಟ್ಟಿಲಿಳಿದು ಬಂದು, ಸ್ಟೂಲಿನ ಮೇಲೆ ಕೂತು ಎರಡು ದಿನ ಲೇಬಲ್ ಅಂಟಿಸಿದಳು. ಬೇಡ ಅಂದರೆ ಕೇಳುವ ಜಾತಿಯಲ್ಲ.

“ಒಂದು ಬಾಟ್ಲಿ ಮುಚ್ಚಳ ತೆಗೀಲಾ?” ಅಂದಳು.

“ಇರೇ, ಲ್ಯಾಬಲ್ಲಿ ಪಾಸಾಗಲಿ. ನಾಲ್ಕೇ ದಿನ.”

“ಆಯ್ತು ರೂಲ್ಸಣ್ಣ. ಇಪ್ಪತ್ತೆಂಟು ವರ್ಷ ನಿಮ್ಮ ಜೊತೆ ಏಗಿದೋಳಿಗೆ ನಾಲ್ಕು ದಿನ ಯಾವ ಲೆಕ್ಕ!”

ಆಹಾರ ಇಲಾಖೆಯ ಇನ್‌ಸ್ಪೆಕ್ಟರಮ್ಮ ಬಂದಳು. ಕೆಟ್ಟವಳೇನಲ್ಲ, ಮಾತು ಮೃದು. ಸ್ಯಾಂಪಲ್ ತೆಗೆಯಲು ಪೆಟ್ಟಿಗೆ ಬಿಚ್ಚಿದರೆ, ಅದರೊಳಗಿನ ಅಷ್ಟೂ ಬಾಟಲಿಗಳಲ್ಲಿ ಲೇಬಲ್ಲು ಕೆಳಗೆ ಜಾರಿ ಬ್ಯಾಚ್ ನಂಬರನ್ನು ಮುಚ್ಚಿಬಿಟ್ಟಿತ್ತು. ಅಂಟಿಸುವಾಗ ಕೈ ನಡುಗಿದ್ದು ಹೆಂಡತಿಗೇ ಗೊತ್ತಾಗಿರಲಿಲ್ಲ ಪಾಪ. ರೂಲ್ಸಣ್ಣ ಇನ್‌ಸ್ಪೆಕ್ಟರಮ್ಮನ ಎದುರಿಗೇ ಎಲ್ಲ ಕಿತ್ತು ಹೊಸದಾಗಿ ಅಂಟಿಸಿದ. ಆದರೂ ಪರೀಕ್ಷೆಯ ಅರ್ಜಿ ಮೊದಲಿನಿಂದ ಹಾಕಬೇಕು, ನಾಲ್ಕು ದಿನದ ಕೆಲಸ ಎರಡು ವಾರವಾಯಿತು. ರಿಪೋರ್ಟು ಬರುವ ತನಕ ಸರಕು ಮುಟ್ಟಬಾರದೆಂದು ಗೋದಾಮಿನ ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಯ ಸೀಲು ಬಿತ್ತು.

“ಯಾಕಂತೆ ತಡ?” ಅಂದಳು ಹೆಂಡತಿ.

“ಲ್ಯಾಬಿನೋರು ರಜಾ ಅಂತೆ.”

ಜನ್ಮದಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದು. ತಪ್ಪು ನಿನ್ನ ಕೈಯದು ಅಂತ ಹೇಳಲು ಅವನಿಗೆ ಬಾಯಿ ಬರಲಿಲ್ಲ.

ಸೀಲು ಬಿದ್ದ ಎಂಟನೇ ದಿನಕ್ಕೆ ಅವಳು ನೀರನ್ನೂ ಬೇಡ ಅಂದಳು. ಕಣ್ಣು ಮುಚ್ಚಿಕೊಂಡೇ “ರಸ ಬಂತಾ?” ಅನ್ನುತ್ತಿದ್ದಳು. ಆರೈಕೆಗೆ ಬಂದಿದ್ದ ಅವಳ ತಂಗಿಗೆ ತಡೆಯಲಾಗಲಿಲ್ಲ. ಅಡುಗೆಮನೆಯ ಕತ್ತರಿ ತಂದು ಭಾವನ ಮುಂದೆ ಹಿಡಿದಳು.

“ಒಂದು ಬಾಟ್ಲಿ ಭಾವ! ನಿಮ್ಮದೇ ಸರಕು, ನಿಮ್ಮದೇ ಬಾಗಿಲು. ಯಾರು ಬಂದು ನೋಡ್ತಾರೆ?”

ಅವನು ಕತ್ತರಿ ಇಸಿದುಕೊಂಡು ಕೆಳಗಿಳಿದ. ಪಟ್ಟಿಯನ್ನು ಕತ್ತರಿಯ ಬಾಯಿಗೂ ಕೊಟ್ಟ. ಎಷ್ಟು ಹೊತ್ತು ಹಾಗೆ ನಿಂತಿದ್ದನೋ, ಬರಿಗೈಯಲ್ಲಿ ಹತ್ತಿ ಬಂದ.

“ಸೀಲು ಮುರಿದ್ರೆ ಪರವಾನಗಿ ಹೋಗುತ್ತೆ ಕಣಮ್ಮ. ಆಮೇಲೆ ಮುಂದಿನ ವರ್ಷ ಇವಳಿಗೆ ಯಾರು ತರಿಸಿಕೊಡ್ತಾರೆ?”

ಮುಂದಿನ ವರ್ಷ ಅಂದನಲ್ಲ, ಪುಣ್ಯಾತ್ಮ! ಅವನನ್ನು ಬೈಯಲು ಎದ್ದಿದ್ದ ತಂಗಿ ಹಾಗೇ ಹೋಗಿ ಅಕ್ಕನ ಹಾಸಿಗೆಯ ಪಕ್ಕ ಕೂತಳು. ಡಾಕ್ಟರು ಹೇಳಿದ್ದು ಇಬ್ಬರಿಗೂ ಗೊತ್ತಿತ್ತು. ಅವನೊಬ್ಬ ಒಪ್ಪಿಕೊಂಡಿರಲಿಲ್ಲ, ಅಷ್ಟೇ.

ಹನ್ನೊಂದನೇ ದಿನ ಬೆಳಿಗ್ಗೆ ಅವಳು ಹೋದಳು.

ಇನ್ನೂ ಮೂರು ದಿನ ಕಳೆದು ಇನ್‌ಸ್ಪೆಕ್ಟರಮ್ಮ ರಿಪೋರ್ಟು ಹಿಡಿದು ಬಂದಳು. ‘ಮನುಷ್ಯರು ಸೇವಿಸಲು ಯೋಗ್ಯ’ ಅಂತ ಠಸ್ಸೆ ಬಿದ್ದಿತ್ತು. ಪಟ್ಟಿ ಕತ್ತರಿಸಿ ಬಾಗಿಲು ತೆಗೆದರೆ ಮೂಲೆಯಲ್ಲಿ ಸ್ಟೂಲು ಹಾಗೇ ಇತ್ತು, ಅದರ ಪಕ್ಕ ಲೇಬಲ್ ಕಿತ್ತ ಹಿಂಬದಿ ಕಾಗದದ ಗುಡ್ಡೆ. ರೂಲ್ಸಣ್ಣ ಸಹಿ ಮಾಡುತ್ತಾ, ಯಾರೂ ಕೇಳದಿದ್ದರೂ ಹೇಳಿದ, “ಹಾಸಿಗೆ ಹಿಡಿದಿದ್ದ ಮನೆಯವಳು ಹೋಗೋ ತನಕ ಇದನ್ನೇ ಕೇಳ್ತಾ ಇದ್ಲು.”

ಇನ್‌ಸ್ಪೆಕ್ಟರಮ್ಮ ಕಾಗದದಿಂದ ತಲೆಯೆತ್ತಿದಳು.

“ಅಯ್ಯೋ ಸರ್... ಒಂದು ಮಾತು ಹೇಳಬಾರದಿತ್ತಾ? ಮನೆ ಬಳಕೆಗೆ, ಕಾಯಿಲೆಯೋರಿಗೆ ಅಂತ ಬಿಳಿ ಹಾಳೇಲಿ ಬರೆದುಕೊಟ್ಟಿದ್ರೆ ಆರು ಬಾಟ್ಲಿ ಬಿಡೋ ಅಧಿಕಾರ ನನಗೇ ಇತ್ತು. ಅವತ್ತೇ ಕೊಟ್ಟು ಹೋಗ್ತಿದ್ದೆ.”

ನೋಡಿ, ಇಡೀ ಕಾಯಿದೆ ಪುಸ್ತಕ ಕಂಠಪಾಠ ಮಾಡಿದ್ದವನಿಗೆ ಇದೊಂದು ಸಾಲು ಗೊತ್ತಿರಲಿಲ್ಲ. ರಿಯಾಯಿತಿ ಅನ್ನುವ ಅಧ್ಯಾಯವನ್ನು ಅವನು ಯಾವತ್ತೂ ಓದಿರಲಿಲ್ಲ. ಅದು ತನ್ನಂಥವರಿಗಲ್ಲ ಅಂದುಕೊಂಡಿದ್ದ. ಒಂದೇ ಒಂದು ಸಲ ಬಾಯಿ ಬಿಟ್ಟು ಕೇಳಿದ್ದರೆ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಇಲ್ಲಿ ತುತ್ತನ್ನು ತಡೆದು ನಿಂತವನು ಅವನೇ. ಯಾರನ್ನು ಬೈಯೋಣ ಹೇಳಿ.

ಇನ್‌ಸ್ಪೆಕ್ಟರಮ್ಮ ಹೋದ ಮೇಲೆ ಅವನು ಸ್ಟೂಲಿನ ಮೇಲೆ ಕೂತು ಒಂದು ಬಾಟಲಿಯ ಮುಚ್ಚಳ ತೆಗೆದ. ನಾದಿನಿ ಕೆಳಗಿಳಿದು ಬಂದಾಗ ಹೆಂಡತಿಯ ಲೋಟ ಅವನ ಕೈಯಲ್ಲಿತ್ತು, ತುಟಿ ಕೆಂಪಗಾಗಿತ್ತು. ಅವಳು ಏನೂ ತೋಚದೆ ಕೇಳಿದಳು, “ಹೇಗಿದೆ ಭಾವ?”

“ತಗಡು ನೆಕ್ಕಿದ ಹಾಗಿದೆ ಕಣಮ್ಮ,” ಅಂದ. ಲೋಟ ಕೆಳಗಿಡಲು ಮಾತ್ರ ಒಪ್ಪಲಿಲ್ಲ.