ಪು ಗ್ವೇಜೆನ್ ಕೊರೆದ ಮೂರು ಸಂದಿ

ಚೂಜಿಂಗ್ ಊರಿನ ನಮ್ಮ ಪಳೆಯುಳಿಕೆ ಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ ಪು ಗ್ವೇಜೆನ್ ಹದಿನೇಳು ವರ್ಷದಿಂದ ಸೂಜಿ ಹಿಡಿದು ಕೂತವಳು. ಸೂಕ್ಷ್ಮದರ್ಶಕದ ಕೆಳಗೆ ಕಲ್ಲು ಕೆದಕಿ, ನಲವತ್ತು ಕೋಟಿ ವರ್ಷದ ಹಿಂದಿನ ಕವಚದ ಮೀನುಗಳನ್ನು ಬಿಡಿಸುವುದು ನಮ್ಮ ಕೆಲಸ. ಅದಕ್ಕೂ ಮುಂಚೆ ಅವಳು ಮಾರುಕಟ್ಟೆಯಲ್ಲಿ ಮೀನು ಕೊಯ್ದು ಕೊಡುತ್ತಿದ್ದಳು. "ಆಗಲೂ ಮೀನೇ, ಈಗಲೂ ಮೀನೇ. ವಾಸನೆ ಇಲ್ಲ, ಅಷ್ಟೇ" ಅನ್ನುತ್ತಿದ್ದಳು.

ಆ ವಸಂತದಲ್ಲಿ ಅವಳ ಮೇಜಿಗೆ ಬಂದ ಮೀನು ಅಂಗೈಯಷ್ಟಿತ್ತು. ತಲೆಯ ಕವಚದ ಹಿಂದೆ, ಕತ್ತಿನ ಜಾಗದಲ್ಲಿ, ಉಗುರಿನಷ್ಟು ಬೆನ್ನುಮೂಳೆ. ಅದರ ಬದಿಯಲ್ಲಿ ನರಗಳು ಹೊರಬರುವ ನಾಲ್ಕು ತೂತು ಸಾಲಾಗಿದ್ದವು. ಮೀನು ಕೊಯ್ದ ಕೈ, ನಾಲ್ಕು ತೂತೆಂದರೆ ನಾಲ್ಕು ಬಿಡಿ ಮೂಳೆ ಎಂದುಕೊಂಡಿತು. ನಡುವಿನ ಸಂದಿಗಳಲ್ಲಿ ಕಲ್ಲು ತುಂಬಿದೆಯೆಂದು ಅವಳು ಮೂರು ಕಡೆ ಕೆದಕಿದಳು.

ಈ ಮೀನುಗಳ ಬಗ್ಗೆ ಬರೆಯುವ ಶಾನ್ ಮೇಷ್ಟ್ರು ನೋಡಿ ಹಿಗ್ಗಿದರು. "ಪು ಅಕ್ಕ, ಇದರ ನೆಂಟರಲ್ಲೆಲ್ಲ ಈ ಮೂಳೆಗಳು ಬೆಸೆದುಕೊಂಡು ಒಂದೇ ಆಗಿರ್ತವೆ. ಇದರಲ್ಲಿ ಮಾತ್ರ ಬಿಡಿಬಿಡಿ! ಶುಕ್ರವಾರ ಲೇಖನ ಕಳಿಸಿಬಿಡ್ತೀನಿ."

ಗುರುವಾರ ಅವಳು ನನ್ನನ್ನು ಕರೆದಳು. "ಬೈಬೇಡ, ನೋಡು."

ನಿಜವಾದ ಸಂದಿಯ ಒಳಗೋಡೆಗೂ ಮೂಳೆಯ ನುಣುಪು ಪೊರೆ ಇರುತ್ತದೆ. ಇಲ್ಲಿದ್ದದ್ದು ಬರೀ ಸೂಜಿಯ ಗೀರು.

"ಸುಮ್ನಿರು ಅಕ್ಕ. ಗೊತ್ತಾದ್ರೆ ನಿನ್ನನ್ನ ಸೂಜಿ ಮುಟ್ಟೋಕೆ ಬಿಡಲ್ಲ."

"ನಂಗೂ ಅದೇ ಭಯ. ಆದ್ರೆ ಈ ಮೀನು ತಾನಾಗಿ ಬಾಯಿ ಬಿಡಲ್ಲವಲ್ಲ" ಎಂದು ಎದ್ದು ಹೋದಳು.

ಮೇಷ್ಟ್ರ ದನಿ ಗೋಡೆಯಾಚೆಗೂ ಕೇಳಿತು. "ಇದೇನು ಮಾರ್ಕೆಟ್ಟಿನ ಮೀನು ಅಂದ್ಕೊಂಡ್ರಾ?"

"ಹೌದು ಮೇಷ್ಟ್ರೇ. ಹಾಗೇ ಅಂದ್ಕೊಂಡೆ."

ಲೇಖನ ನಿಂತಿತು. ಅದೇ ಕಲ್ಲುಪದರದ, ಅದೇ ಜಾತಿಯ ಇನ್ನೊಂದು ಮೀನು ನನ್ನ ಮೇಜಿಗೆ ಬಂತು. ಅವಳಿಗೆ ಮೀನುಗಳನ್ನಿಡುವ ಪೆಟ್ಟಿಗೆಗಳ ಚೀಟಿ ಬರೆಯುವ ಕೆಲಸ. ಎರಡು ತಿಂಗಳು ಅವಳು ಅದನ್ನೇ ಮಾಡಿದಳು. ಮಧ್ಯಾಹ್ನ ಅಕ್ಕಿ ಶ್ಯಾವಿಗೆಯ ಬಟ್ಟಲು ಹಿಡಿದು ಬೇರೆ ಕಡೆ ಕೂರುತ್ತಿದ್ದಳು.

ನನ್ನ ಕಲ್ಲಿನಲ್ಲೂ ನಾಲ್ಕು ತೂತು ಕಂಡವು. ನಡುವೆ ಸಣ್ಣ ತಗ್ಗು. ಸೂಜಿ ತಾನಾಗಿ ಅಲ್ಲಿಗೇ ಹೋಯಿತು. ಹೆದರಿ ಅವಳನ್ನು ಕರೆದೆ.

"ಕೆದಕಬೇಡ್ವೇ, ಕೈ ಹಾಗೇ ಹೇಳುತ್ತೆ. ಪಕ್ಕದಿಂದ ಬೆಳಕು ಬಿಡು."

ಓರೆ ಬೆಳಕಿನಲ್ಲಿ ನುಣುಪು ಪೊರೆ ತಗ್ಗಿನ ಮೇಲೂ ಎಲ್ಲೂ ಕಡಿಯದೆ ಹಬ್ಬಿತ್ತು. ನಾಲ್ಕೂ ಬೆಸೆದ ಒಂದೇ ಮೂಳೆ.

ಮೇಷ್ಟ್ರು ಬಂದು ಬಹಳ ಹೊತ್ತು ನೋಡಿದರು. "ಪು ಅಕ್ಕ, ಉಳಿದದ್ದು ನೀವೇ ಬಿಡಿಸಿ" ಅಂದರು.

"ಕೈಲಿರೋ ಚೀಟಿ ಮುಗಿಸಿ ಬರ್ತೀನಿ."

ಅದು ಅವಳ ಮೀನಿನದೇ ಚೀಟಿ. 'ಸಂದಿ ಮೂರೂ ಸೂಜಿಯಿಂದ ಆದವು. ಬಿಡಿಸಿದ್ದು ಪು ಗ್ವೇಜೆನ್' ಎಂದು ದುಂಡಗೆ ಬರೆದು, ಮಸಿ ಆರುವವರೆಗೆ ಕಾದು, ಎದ್ದು ಬಂದಳು.