ಕೆಂಪು ಬಳೆಯ ಏಳು ಹುಂಜಗಳು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲ ಜೀವ ನಾನು. ಇದನ್ನು ಯಾರಿಗೂ ಹೇಳದೆ ಕಳೆದ ದಿನ ಕಡಿಮೆ. ಅಮ್ಮ ಗೇರುಬೀಜದ ಫ್ಯಾಕ್ಟರಿಯಲ್ಲಿ ಬೀಜ ಒಡೆದು ಒಡೆದು ಬೆರಳ ತುದಿಗಳನ್ನು ಕಪ್ಪು ಮಾಡಿಕೊಂಡವಳು. ಅದೇ ಬೆರಳಿನಿಂದ ನನ್ನ ಕಾಲೇಜಿನ ಅರ್ಜಿಗಳಿಗೆ ಹೆಬ್ಬೆಟ್ಟು ಒತ್ತಿದಳು. ಇಂಗ್ಲಿಷ್ ಪೇಪರು ಎರಡು ಸಲ ಕೈಕೊಟ್ಟು ಮೂರನೆಯ ಸಲ ಒಲಿಯಿತು. ಓದಿ ಪಾಸಾದದ್ದು, ಯಾರ ಹಂಗಿನಿಂದಲೂ ಅಲ್ಲ ಎಂದು ನಾನು ಬೀಗಿಕೊಂಡೇ ಇದ್ದೆ. ಆ ಜಂಬ ಗುಲ್ವಾಡಿಯ ಹೊಳೆಬದಿಯ ಒಂದು ಅಂಗಳದಲ್ಲಿ ಇಳಿದುಹೋಯಿತು. ಇಳಿಸಿದ್ದು ಏಳು ಹುಂಜಗಳು.

ನನ್ನ ಕೆಲಸ ಏನೆಂದರೆ, ಬ್ರಹ್ಮಾವರದಿಂದ ಬೈಂದೂರಿನವರೆಗೆ ಸ್ಕೂಟಿಯಲ್ಲಿ ಸುತ್ತಿ, ದುಡಿಯುವ ಕೈ ಮುರಿದು ಕೂತ ಮನೆಗಳನ್ನು ಹುಡುಕುವುದು. ಅಂಥ ಮನೆಗೆ ಕೈಲಾಗುವ ಒಂದು ಕಸುಬು ಹಚ್ಚಿಕೊಡುವುದು. ನಾವು ಬಿಟ್ಟು ಬಂದ ಮೇಲೂ ಅದು ನಡೆಯುವಂತೆ ನೋಡುವುದು. ನಮ್ಮ ಸಂಸ್ಥೆಯ ಫಾರಂನ ಕೊನೆಯ ಪ್ರಶ್ನೆಯೇ ಅದು: 'ಸುಸ್ಥಿರತೆ: ಯೋಜನೆ ಮುಗಿದ ಮೇಲೆ ಹೇಗೆ ಮುಂದುವರಿಯುತ್ತದೆ?' ಎಲ್ಲರೂ ಅಲ್ಲಿ 'ಚೆನ್ನಾಗಿ' ಎಂದು ಬರೆಸುತ್ತಿದ್ದರು.

ಗುಲ್ವಾಡಿಯ ಆ ಮನೆಯಲ್ಲಿ ಗಂಡಸು ತೆಂಗಿನ ಮರದಿಂದ ಬಿದ್ದು ಸೊಂಟ ಕಳೆದುಕೊಂಡು ಚಾವಡಿಯಲ್ಲಿ ಮಲಗಿದ್ದ. ಅವನ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವನ ತಾಯಿ ಒಂದು ಕಾಲದಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದ ಅಜ್ಜಿ. ಅಕ್ಕನಿಗೆ ನಾವು ಊರಕೋಳಿಯ ಮರಿಗಳನ್ನೂ ಒಂದು ಗೂಡನ್ನೂ ಕೊಟ್ಟೆವು. ಅಕ್ಕ ಜೀವ ತೇಯ್ದು ಸಾಕಿದಳು. ಮರಿ ಬೆಳೆದು ಹುಂಜಗಳು ಕೂಗತೊಡಗಿದಾಗ ನಾನು ಒಂದು ಜಾಣತನ ಮಾಡಿದೆ. ತರಬೇತಿಯಲ್ಲಿ ಕಲಿತಿದ್ದೆ: ಮೊದಲ ಗಿರಾಕಿಗೆ ಅತ್ಯುತ್ತಮ ಮಾಲು ಕೊಡಬೇಕು. ಹಾಗಾಗಿ ತೂಕ, ಜುಟ್ಟು, ಕಾಲು ಎಲ್ಲ ನೋಡಿ ಏಳು ಹುಂಜ ಆರಿಸಿ, ಒಂದೊಂದರ ಕಾಲಿಗೂ ಕೆಂಪು ಪ್ಲಾಸ್ಟಿಕ್ ಬಳೆ ತೊಡಿಸಿದೆ.

ಅಜ್ಜಿ ಕೇಳಿದರು, "ಹ್ವಾಯ್ ಮೇಡಮ್ಮ, ಇದೆಂತಕ್ಕೆ ಬಳಿ?"

"ಇವ್ ಎಲ್ಲಕ್ಕಿಂತ ಲಾಯ್ಕಿದ್ದದ್ದ್, ಅಜ್ಜಿ. ಗುರ್ತಿಗೆ."

"ಹೌದಾ," ಎಂದರು. ಆ 'ಹೌದಾ' ಎಷ್ಟು ಆಳದ್ದು ಎಂದು ನನಗೆ ಆಗ ತಿಳಿಯಲಿಲ್ಲ.

ಮಾರಾಟದ ದಿನ ಕುಂದಾಪುರದ ಒಬ್ಬ ಹೋಟೆಲಿನವರು ದೊಡ್ಡ ಬುಟ್ಟಿ ತಂದರು. ನಮ್ಮ ಮೇಲಿನ ಸರ್ ಕೂಡ ಬಂದರು. ಅವರು ಮೊದಲೇ ಹೇಳಿದ್ದರು: ಮೊದಲ ಹುಂಜಗಳನ್ನು ಮನೆಯವರೇ ಮಾರಿ ತೋರಿಸಿದರೆ ಎರಡನೆಯ ಕಂತಿನ ಮರಿಗಳು ಈ ಮನೆಗೆ. ಇಲ್ಲವಾದರೆ ಬೈಂದೂರಿನ ಬದಿಯ ಒಂದು ಮನೆ ಕಾಯುತ್ತಿದೆ, ಅಲ್ಲಿಗೆ. ಅಕ್ಕ ಹಿಂದಿನ ದಿನವೇ ಇನ್ನೊಂದು ಗೂಡಿಗೆ ಜಾಗ ಗುಡಿಸಿಟ್ಟಿದ್ದಳು.

ಅವಳು ಮೊದಲ ಹುಂಜಕ್ಕೆ ಕೈಹಾಕುತ್ತಿದ್ದಂತೆ ಅಜ್ಜಿ ಅಂಗಳ ಗುಡಿಸುವ ಹಿಡಿಸೂಡಿ ಹಿಡಿದು ಗೂಡಿನ ಬಾಗಿಲಿಗೆ ಅಡ್ಡ ನಿಂತರು.

"ಮುಟ್ಬೇಡ! ಅದ್ ದೈವದ್ದ್."

"ಯಾವಾಗ್ ಆದದ್ದ್ ಅತ್ತೆ ಅದ್ ದೈವದ್ದ್?"

"ಮುಂಗುಸಿ ಬಂದಿತ್ತಲೆ, ಆ ದಿನ. ಕೋಳಿ ಉಳಿಲಿ ಅಂದೇಳಿ ಹರಕಿ ಹೇಳ್ಕಂಡೆ."

ನಾನು ಸರ್ ಕಡೆ ನೋಡಿ ನಕ್ಕೆ. ಒಂದು ಹುಂಜ ತಾನೆ, ದೈವಕ್ಕಿರಲಿ, ಇನ್ನು ಆರು ಇವೆ. ಅಕ್ಕ ಪಕ್ಕದ್ದಕ್ಕೆ ಕೈಹಾಕಿದಳು.

"ಅದ್ ಮಗನ ಸೊಂಟಕ್ಕೆ."

ಅದರ ಪಕ್ಕದ್ದು ಅಕ್ಕನ ಕೆಮ್ಮಿಗೆ. ಅದರಾಚೆಯದು ಮರಿಗಳ ಕಣ್ಣಿಗೆ ಪೊರೆ ಬಂದಾಗ ಹೇಳಿಕೊಂಡದ್ದು. ಹೋಟೆಲಿನವರು ಬುಟ್ಟಿಯನ್ನು ಕೆಳಗಿಟ್ಟರು. ಐದನೆಯ ಹುಂಜದ ಬಳಿ ಅಜ್ಜಿ ನನ್ನ ಕಡೆ ಹಿಡಿಸೂಡಿ ತೋರಿಸಿದರು.

"ಇದ್ ಇವ್ರಿಗೆ. ಸ್ಕೂಟಿ ಸಮೇತ ನಮ್ಮ ಗದ್ದಿಗ್ ಬಿದ್ದಿರಲೆ? ಕೈಕಾಲ್ ಮುರೀದೆ ಎದ್ ಬರ್ಲಿ ಅಂದೇಳಿ."

ನಾನು ಗದ್ದೆಗೆ ಬಿದ್ದ ವಿಷಯ ಸರ್‌ಗೆ ಗೊತ್ತಿರಲಿಲ್ಲ. ಸ್ಕೂಟಿ ಸಂಸ್ಥೆಯದು.

"ಅದ್ರ ಪಕ್ಕದ್ದೂ ಇವ್ರಿಗೇ," ಅಜ್ಜಿ ಮುಂದುವರಿಸಿದರು. "ಬೇಗ ಗಂಡ್ ಸಿಕ್ಕಿ ಮದಿ ಆಯ್ಲಿ ಅಂದೇಳಿ."

"ಅಜ್ಜಿ! ನಾನ್ ನಿಮ್ಮತ್ರ ಕೇಂಡಿದ್ನಾ?"

"ನೀವ್ ಕೇಣ್ತಿಲ್ಲಿ, ಅದ್ಕೇ ನಾನ್ ಕೇಂಡದ್ದ್."

ಸರ್ ಗಂಟಲು ಸರಿಮಾಡಿಕೊಂಡು ಏಳನೆಯದನ್ನು ತೋರಿಸಿದರು. "ಇದಾದರೂ?"

"ಅದ್ ಇವತ್ತಿಂದ್ ಮರಾಯ್ರೆ. ಬೆಳಿಗ್ಗೆ ಹೇಳ್ಕಂಡೆ. ಮಾರಾಟ ಲಾಯ್ಕಾಯ್ಲಿ ಅಂದೇಳಿ."

"ಯಾವುದರ ಮಾರಾಟ?"

"ಇವ್ದೇ," ಎಂದು ಅಜ್ಜಿ ಏಳೂ ಹುಂಜಗಳ ಮೇಲೆ ಕೈ ಆಡಿಸಿದರು.

ಗೂಡಿನಲ್ಲಿ ಬಳೆ ಇಲ್ಲದ ಹುಂಜಗಳೂ ಇದ್ದವು. ಆದರೆ ಅವು ನೋಡುವುದಕ್ಕೆ ನನ್ನ ಎರಡನೆಯ ಸಲದ ಇಂಗ್ಲಿಷ್ ಪೇಪರಿನಂತೆ ಇದ್ದವು. ಹೋಟೆಲಿನವರು ಅತ್ತ ಕಣ್ಣು ಕೂಡ ಹಾಯಿಸಲಿಲ್ಲ.

"ಅಲ್ಲ ಅಜ್ಜಿ," ನಾನೆಂದೆ, "ಹರಕಿಗೆ ಆ ಸಣ್ಣದ್ನೆಲ್ಲ ಹೇಳ್ಕಂಬುಕಾಗ್ದಾ? ಸಮಾ ಬಳಿ ಹಾಕಿದ್ದೇ ಆಯ್ಕಾ?"

ಅಜ್ಜಿ ನನ್ನನ್ನು ನೋಡಿದ ರೀತಿ ಇತ್ತಲ್ಲ, ಮೀನು ಮಾರುವಾಗ ಕೊಳೆತ ಬೂತಾಯಿ ಮೀನಿಗೆ ಚೌಕಾಸಿ ಮಾಡುವವರನ್ನು ಹಾಗೆ ನೋಡುತ್ತಿದ್ದಿರಬೇಕು. "ದೈವಕ್ಕೆ ಲಡಕಾಸ್ ಕೊಡುಕಾತ್ತಾ? ಲಾಯ್ಕಿದ್ದದ್ದ್ ಕೊಡ್ಕ್. ಯಾವ್ದ್ ಲಾಯ್ಕ್ ಅಂದೇಳಿ ಬಳಿ ಹಾಕಿ ಹೇಳಿದ್ದ್ ಯಾರ್? ನೀವೇ ಅಲ್ದಾ?"

ಸರ್ ಈಗ ನನ್ನ ಕಡೆ ತಿರುಗಿದರು. ನನ್ನ ಪದವಿ ಆ ಅಂಗಳದಲ್ಲಿ ನಿಂತನಿಂತಲ್ಲೇ ಕುಗ್ಗಿತು.

ಹೋಟೆಲಿನವರು ಬುಟ್ಟಿ ಎತ್ತಿಕೊಂಡು ಹೊರಟರು. "ಹರಕಿ ಕೋಳಿ ನಂಗ್ ಬ್ಯಾಡ. ನನ್ನ ಹೋಟ್ಲ್ ನಡೀಕ್ ಅಲ್ದಾ?"

ಅಕ್ಕ ಮೆಲ್ಲಗೆ ಎಂದಳು, "ಅತ್ತೆ, ನಿಮ್ಮ ಮಗನ ಮದ್ದ್ ಮುಗ್ದ್ ಎಂಟ್ ದಿನ ಆಯ್ತ್. ಬಪ್ಪು ಮರಿಯೂ ಬೇರೆ ಮನಿಗ್ ಹೋದ್ರೆ ನಾವ್ ಎಂತ ಮಾಡುದ್?" ಅಷ್ಟು ಹೇಳಿ, ಇನ್ನೊಂದು ಹಿಡಿಸೂಡಿ ತಂದು ಗುಡಿಸಿದ ಜಾಗವನ್ನೇ ಮತ್ತೆ ಗುಡಿಸತೊಡಗಿದಳು. ಅಜ್ಜಿಯ ಮುಖವೂ ಸಣ್ಣದಾಯಿತು. ಆದರೆ ಹಿಡಿಸೂಡಿ ಇಳಿಯಲಿಲ್ಲ. ದೈವಕ್ಕೆ ಕೊಟ್ಟ ಮಾತು.

ಆಗ ನಾನು ನನ್ನ ಎರಡನೆಯ ಜಾಣತನ ಮಾಡಿದೆ. ಹರಕೆ ಇಲ್ಲದೆಯೂ ಕೆಲಸ ಆಗುತ್ತದೆ ಎಂದು ಭಾಷಣ ಶುರುಮಾಡಿದೆ. "ನನ್ನನ್ನೇ ಕಾಣಿ ಅಜ್ಜಿ. ಡಿಗ್ರಿ ಮಾಡ್ದೆ. ಯಾವ ಹರಕಿ ಹೇಳ್ಕಂಡಿದ್ದೆ? ಓದಿ ಪಾಸಾದದ್ದ್."

"ನೀವ್ ಹೇಳ್ಕಣ್ಲಿಲ್ಲೆ, ಸಮ. ನಿಮ್ಮಮ್ಮ?"

"ನಮ್ಮಮ್ಮನೂ ಹೇಳ್ಕಣ್ಲಿಲ್ಲೆ."

"ಕೇಂಡ್ ಕಾಣಿ."

ಸರ್ ಎದುರು ಹಿಂಜರಿಯಲಾದೀತೇ? ಅಲ್ಲೇ ಅಮ್ಮನಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ.

"ಅಮ್ಮ, ನಾನ್ ಪಾಸಾಯ್ಕ್ ಅಂದೇಳಿ ನೀನ್ ಎಂತಾರೂ ಹರಕಿ ಹೇಳ್ಕಂಡಿದ್ಯಾ?"

"ಹೇಳ್ಕಂಡದ್ದೇ ಅಲ್ದಾ!" ಅಮ್ಮನ ಸ್ವರ ಇಡೀ ಅಂಗಳಕ್ಕೆ ಕೇಳಿತು. "ಎರಡ್ ಸಲ ಡುಮ್ಕಿ ಹೊಡ್ದದ್ದ್ ನೀನ್. ಮೂರ್ನೇ ಸಲಕ್ಕೆ ಒಂದ್ ಹುಂಜ ಹೇಳ್ಕಂಡೆ. ಮತ್ ಹ್ಯಾಂಗೆ ಪಾಸಾದ್ದ್ ಅಂದ್ಕಂಡಿದ್ದೆ ನೀನ್?"

ಚಾವಡಿಯಲ್ಲಿ ಮಲಗಿದ್ದ ಅಕ್ಕನ ಗಂಡ ಸೊಂಟ ಹಿಡಿದುಕೊಂಡು ನಕ್ಕ. ಸರ್ ಆಕಾಶ ನೋಡುತ್ತಿದ್ದರು. ಅಜ್ಜಿ ಮಾತ್ರ ನಗದೆ ಫೋನಿನ ಹತ್ತಿರ ಬಗ್ಗಿದರು.

"ಹ್ವಾಯ್, ಹುಂಜ ಕೊಟ್ರ್ಯಾ?"

"ಇಲ್ಲೆ ಮರಾಯ್ರೆ," ಅಮ್ಮ ಯಾರೆಂದು ಕೇಳದೆಯೇ ಉತ್ತರ ಕೊಟ್ಟಳು. "ವರ್ಷ ವರ್ಷ ದೀಪ ಇಟ್ಟ್ ವಾಯಿದೆ ಕೇಣ್ತೆ. ಬಪ್ಪು ವರ್ಷ ಕೊಡ್ತೆ, ಸ್ವಲ್ಪ ತಡ್ಕೋ ಅಂದೇಳಿ. ಸತ್ಯದಂಗ್ ಕೇಂಡ್ರೆ ದೈವ ಇಲ್ಲೆ ಅಂತಿಲ್ಲೆ."

ಅಜ್ಜಿ ನೆಟ್ಟಗೆ ನಿಂತರು. "ಇದ್ ನಂಗ್ ಹೊಳಿಲಿಲ್ಲೆ ಕಾಣ್," ಎಂದು ಸೊಸೆಯ ಕೈಗೆ ಹಿಡಿಸೂಡಿ ಕೊಟ್ಟರು. ಕಾಲು ತೊಳೆದುಕೊಂಡು, ವೀಳ್ಯದೆಲೆ ಅಡಿಕೆ ತೆಗೆದುಕೊಂಡು, ಬೇಲಿಯ ಮೂಲೆಯ ದೈವದ ಕಲ್ಲಿನ ಮುಂದೆ ಕೂತರು. ನಾವೆಲ್ಲ ಸ್ವಲ್ಪ ದೂರದಲ್ಲಿ ನಿಂತೆವು. ಹೊರಟಿದ್ದ ಹೋಟೆಲಿನವರೂ ತಿರುಗಿ ಬಂದು ಚಪ್ಪಲಿ ಬಿಚ್ಚಿದರು. ಅವರನ್ನು ನೋಡಿ ಸರ್ ಕೂಡ ಬೂಟಿನ ದಾರ ಬಿಚ್ಚಿದರು.

ಮೀನು ಮಾರಿದ ಬಾಯಿ ಅದು. "ಸ್ವಾಮೀ, ಏಳ್ ಕೊಡ್ತೆ ಅಂದಿದ್ದೆ. ಏಳರಂಗೆ ಒಂದ್ ಕಮ್ಮಿ ಮಾಡ್ತಿಲ್ಲೆ. ಆದ್ರೆ ಏಳೂ ಒಂದೇ ದಿನ ಅಂದ್ರೆ ನಿಂಗಾರೂ ತಿಂಬುಕಾತ್ತಾ? ವರ್ಷಕ್ ಒಂದ್. ಏಳ್ ವರ್ಷ. ಪ್ರತಿ ವರ್ಷ ಗೂಡಂಗ್ ಯಾವ್ದ್ ಲಾಯ್ಕಿತ್ತೋ ಅದೇ. ಒಪ್ಗಿ ಇದ್ರೆ ಹೇಳ್."

ಗೂಡಿನೊಳಗೆ, ನನ್ನ ಮದುವೆಗೆ ಮೀಸಲಾದ ಹುಂಜ ಕತ್ತು ಉದ್ದ ಮಾಡಿ ಒಂದು ಕೂಗು ಹಾಕಿತು.

"ಹ್ಞಾ, ಕೇಂಡ್ತಾ?" ಅಜ್ಜಿ ಎದ್ದು ಮಂಡಿ ಒರೆಸಿಕೊಂಡರು. ಮಗನ ಸೊಂಟದ ಹುಂಜವನ್ನು ಈ ವರ್ಷಕ್ಕೆ ಇಟ್ಟುಕೊಂಡು, ಉಳಿದ ಆರರ ಕಾಲಿನ ಬಳೆಗಳನ್ನು ಒಂದೊಂದಾಗಿ ಕಳಚಿ ನನ್ನ ಕೈಗೆ ಹಾಕಿದರು. ಹೋಟೆಲಿನವರು ಪ್ರತಿ ಕಾಲನ್ನೂ ನೋಡಿ, ಬಳೆ ಇಲ್ಲ ಎಂದು ಖಾತ್ರಿ ಮಾಡಿಕೊಂಡೇ ಬುಟ್ಟಿಗೆ ಹಾಕಿದರು. ಅಕ್ಕ ತಾನೇ ತೂಗಿದಳು, ತಾನೇ ದರ ಹೇಳಿದಳು, ಒಂದು ರೂಪಾಯಿ ಇಳಿಯಲಿಲ್ಲ.

ಫಾರಂ ತುಂಬುವಾಗ ಕೊನೆಯ ಪ್ರಶ್ನೆಗೆ ಬಂದೆ. ಯೋಜನೆ ಮುಗಿದ ಮೇಲೆ ಹೇಗೆ ಮುಂದುವರಿಸುತ್ತೀರಿ ಎಂದು ಓದಿ ಹೇಳಿದೆ. ಅಜ್ಜಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಏಳ್ ವರ್ಷ ಹುಂಜ ಕೊಡುಕ್ ಇತ್ತಲೆ. ಕೋಳಿ ಸಾಕ್ದೆ ಎಲ್ಲಿಗ್ ಹೋಪ್ದ್?"

ನಾನು ಬರೆದೆ: 'ಏಳು ವರ್ಷ ಖಚಿತವಾಗಿ ಮುಂದುವರಿಯುತ್ತದೆ. ಜಾಮೀನು: ಮನೆಯ ದೈವ.' ಸರ್ ಎರಡನೆಯ ವಾಕ್ಯ ಹೊಡೆಯಲು ಹೇಳಿದರು. ಮೊದಲನೆಯದರ ಕೆಳಗೆ ಸಹಿ ಹಾಕಿದರು. ಎರಡನೆಯ ಕಂತಿನ ಮರಿಗಳು ಅಕ್ಕ ಎರಡು ಸಲ ಗುಡಿಸಿದ ಜಾಗಕ್ಕೇ ಬಂದವು.

ಆ ಮರಿಗಳು ಬೆಳೆದ ಮೇಲೆ ನಾನೇ ಗಿರಾಕಿಯಾಗಿ ಹೋದೆ. ಅಮ್ಮನ ವಾಯಿದೆ ತೀರಿಸಬೇಕಿತ್ತು. ಅಜ್ಜಿ ಒಂದು ಚಂದದ ಹುಂಜ ಹಿಡಿದರು. ನನ್ನಿಂದ ಒಂದು ಕೆಂಪು ಬಳೆ ಕೇಳಿ ತೆಗೆದುಕೊಂಡು ಅದರ ಕಾಲಿಗೆ ತೊಡಿಸಿದರು. "ಇದ್ ಡಿಗ್ರಿದ್," ಎಂದು ಅಕ್ಕನಿಗೆ ಹೇಳಿದರು. ದರದಲ್ಲಿ ನನಗೂ ರಿಯಾಯಿತಿ ಇರಲಿಲ್ಲ.

ಸ್ಕೂಟಿಯ ಮುಂದೆ ಚೀಲದಲ್ಲಿ ಹುಂಜ ಕೂರಿಸಿಕೊಂಡು ಹೊರಡುವಾಗ, ಸುಮ್ಮನಿರಲಾರದೆ ಕೇಳಿದೆ, "ಅಜ್ಜಿ, ಆ ಮದಿ ಹರಕಿ ಯಾವಾಗ್ ಕೊಡುದ್?"

ಅಜ್ಜಿ ಬೆರಳು ಮಡಚಿ ಎಣಿಸಿದರು. "ನಿಮ್ದ್ ಆರನೇ ವರ್ಷ. ಅವಸ್ರ ಮಾಡ್ಬೇಡಿ ಮೇಡಮ್ಮ. ನಿಮ್ಗಿಂತ್ ಮುಂಚೆ ಮುಂಗುಸಿದ್ ಬಾಕಿ ಇತ್ತ್."