ಮರೆವಿನ ಮಿಸ್

“ಅಮ್ಮಾ, ನಮ್ಮ ಮರೆವಿನ ಮಿಸ್ಸಿಗೆ ಯಾರೂ ಬಯ್ಯಲ್ವಾ?” ಎಂದು ಜಡೆ ಹಾಕಿಸಿಕೊಳ್ಳುತ್ತಾ ಮಗಳು ಕೇಳಿದಳು. ದಿನಾ ಏನಾದರೊಂದು ಮರೆಯುತ್ತಾರಂತೆ. ತಾನು ಒಂದು ಸಲ ನೀರಿನ ಬಾಟಲಿ ಮರೆತು ಬಂದರೆ ಮನೆಯಲ್ಲಿ ಅಷ್ಟುದ್ದ ಪುರಾಣ ಕೇಳಬೇಕು, ಅವರಿಗೆ ಮಾತ್ರ ಏನೂ ಇಲ್ಲ. ನ್ಯಾಯವಾದ ಪ್ರಶ್ನೆಯೇ.

ಮರೆವಿನ ಮಿಸ್ ಎಂದರೆ ಎರಡನೇ ಕ್ಲಾಸಿನ ಸಹಾಯಕ ಟೀಚರು. ಕ್ಲಾಸ್ ಟೀಚರು ಬೋರ್ಡಿನ ಮುಂದಿದ್ದರೆ, ಇವರು ಬೆಂಚುಗಳ ನಡುವೆ ಪುಟ್ಟ ಸ್ಟೂಲಿನ ಮೇಲೆ, ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಕೂತಿರುತ್ತಾರೆ. ಮೊದಲು ಔಷಧಿ ಅಂಗಡಿಯಲ್ಲಿದ್ದವರು. ವರ್ಷಗಟ್ಟಲೆ ಡಾಕ್ಟರುಗಳ ಚೀಟಿ ಓದಿದ ಕಣ್ಣಿಗೆ ಯಾವ ಮಗುವಿನ ಅಕ್ಷರವೂ ಮುತ್ತಿನ ಹಾಗೇ ಕಾಣುತ್ತದೆ ಎಂದು ನಗುತ್ತಾರೆ. ಅವರ ಮರೆವಿನ ವಿಷಯ ಗಂಡನನ್ನು ಕೇಳಬೇಕು: ಮದುವೆಗೆ ಮುಂಚೆ ಆತ ಬಾಯಿತಪ್ಪಿ ಆಡಿದ ಮಾತನ್ನೂ ಇವತ್ತಿಗೂ ತಾರೀಖಿನ ಸಮೇತ ಒಪ್ಪಿಸುತ್ತಾರಂತೆ.

ಬರೆಯುವ ಪೀರಿಯಡ್ಡಿಗೆ ವಾರಕ್ಕೊಬ್ಬ ತಾಯಿ ಸಹಾಯಕ್ಕೆ ಹೋಗುವ ರೂಢಿ. ಈ ವಾರ ನನ್ನ ಸರದಿ. ಪೆನ್ಸಿಲ್ ಚೂಪು ಮಾಡುವುದು, ಬಾಯಿ ಮುಚ್ಚಿಕೊಂಡಿರುವುದು, ಇಷ್ಟೇ ಕೆಲಸ. ಮೊದಲನೆಯದನ್ನು ಚೆನ್ನಾಗಿಯೇ ಮಾಡಿದೆ.

ಒಬ್ಬ ಹುಡುಗ ಪುಟ ತುಂಬ ಒಂದೇ ವಾಕ್ಯ ಬರೆದಿದ್ದ. ಓದುವಾಗ ಎಲ್ಲಿ ಉಸಿರು ಬಿಡಬೇಕೋ ಮರೆತುಹೋಯಿತು, ನೀನೇ ಚುಕ್ಕೆ ಇಟ್ಟು ತೋರಿಸು ಎಂದರು ಮಿಸ್. ಬೆರಳ ಹಿಡಿತ ಬಿಗಿಯಾಗದ ಇನ್ನೊಬ್ಬನ ಪೆನ್ಸಿಲ್ಲಿಗೆ ಬಟ್ಟೆ ಸುತ್ತಿಕೊಟ್ಟು, ಒಂದು ಸಾಲು ಸಾಕು ಎಂದರು. ನನ್ನ ಮಗಳು ಎಲ್ಲರಿಗಿಂತ ಮುಂಚೆ ಮುಗಿಸಿ ಪಕ್ಕದವರ ಹಾಳೆಗೆ ಮೂಗು ತೂರಿಸುತ್ತಿದ್ದಳು. ಥೇಟ್ ಅವಳಪ್ಪ ಎಂದು ಬರೆಯಲು ಆಸೆ. ಮುಂದಿನದನ್ನು ಓದಿದವರು ಒಪ್ಪುವುದಿಲ್ಲ.

ಕಿಟಕಿ ಪಕ್ಕದವಳಿಗೆ ಬಾಯಿ ತುಂಬ ಮಾತು, ಹಾಳೆ ಮಾತ್ರ ಖಾಲಿ. ಶಾಲೆ ಶುರುವಾದಾಗಿನಿಂದ ತಾನಾಗಿ ಒಂದು ಸಾಲೂ ಬರೆದಿಲ್ಲ. ಕೇಳಿದರೆ, ಆಗಲೇ ಹೇಳಿದೆನಲ್ಲ, ಮತ್ತೆ ಬರೆಯುವುದು ಯಾಕೆ ಅನ್ನುತ್ತಾಳೆ. ಮಿಸ್ ಈ ಮರೆವನ್ನು ಹಚ್ಚಿಕೊಂಡದ್ದೇ ಇವಳಿಗಾಗಿ. ಸ್ಟೂಲು ಎಳೆದುಕೊಂಡು ಕೂತರು.

“ನಿಮ್ಮ ಬೆಕ್ಕಿನ ಮರಿ ಎಲ್ಲಿ ಮಲಗುತ್ತೆ ಅಂದಿದ್ದೆ? ಹಾಳಾದ್ದು, ಮರೆತೇ ಹೋಯ್ತು.”

“ಮತ್ತೆ ಮರೆತ್ರಾ ಮಿಸ್?”

“ಹೇಳಿದ್ರೆ ಇನ್ನೊಂದ್ಸಲ ಮರೀತೀನಿ ಕಣೇ. ಬರೆದಿಡು.”

ಇಂಥವರನ್ನು ಕಟ್ಟಿಕೊಂಡು ಏಗುವುದು ಹೇಗಪ್ಪಾ ಎಂಬ ಮುಖ ಮಾಡಿ ಹುಡುಗಿ ಪೆನ್ಸಿಲ್ ಎತ್ತಿದಳು. ‘ಮರಿ’ ಎಂದು ಬರೆದಳು. ಮಿಸ್ ಉಸಿರು ಬಿಗಿಹಿಡಿದು ಕೂತಿದ್ದರು.

“ಅವರಪ್ಪನ ಹೆಲ್ಮೆಟ್ಟಲ್ಲಿ ಅಲ್ವಾ?” ಅಂದೆ ನಾನು. ಅವರ ಮನೆ ನಮ್ಮ ಪಕ್ಕದ ಬೀದಿಯಲ್ಲೇ, ನನಗೆ ಗೊತ್ತಿತ್ತು.

ಹುಡುಗಿ ದೊಡ್ಡ ಹೊರೆ ಇಳಿದವಳಂತೆ ಪೆನ್ಸಿಲ್ ಕೆಳಗಿಟ್ಟಳು. “ಹ್ಞೂಂ, ಅಲ್ಲೇ. ಮಿಸ್, ಇನ್ಮೇಲೆ ಮರೆತ್ರೆ ಈ ಆಂಟೀನ ಕೇಳಿ.”

ನನ್ನ ಮಗಳು ಹಣೆ ಚಚ್ಚಿಕೊಂಡಳು.

ಗಂಟೆ ಹೊಡೆದ ಮೇಲೆ, ಪೆನ್ಸಿಲ್ ಸಿಪ್ಪೆ ಗುಡಿಸುತ್ತಾ ತಪ್ಪಾಯಿತು ಎಂದೆ. ಮಿಸ್ ಬಯ್ಯಲಿಲ್ಲ. ನಿಮ್ಮ ಮಗಳು ಯಾರ ಹಾಗೆ ಅಂತ ಈಗ ಗೊತ್ತಾಯಿತು ಎಂದಷ್ಟೇ ಹೇಳಿ, ‘ಮರಿ’ಗೇ ನಿಂತುಹೋದ ಆ ಹಾಳೆಯನ್ನು ಕೈಯಲ್ಲಿ ಸವರಿದರು. ಆಮೇಲೆ ದನಿ ತಗ್ಗಿಸಿದರು.

“ಒಂದು ಉಪಕಾರ ಮಾಡಿಯಮ್ಮ. ಮರಿಗೆ ಇನ್ನೂ ಹೆಸರಿಟ್ಟಿಲ್ಲ, ಸಂಜೆ ಇಡ್ತಾಳಂತೆ. ನಾಳೆ ಗೇಟಿನ ಹತ್ರ ಸಿಕ್ಕಾಗ ಏನು ಹೆಸರು ಅಂತ ನೀವೇ ಕೇಳಿ. ಹೇಳೋಕೆ ಬಂದ್ರೆ, ‘ಮನೆ ಮುಟ್ಟೋದ್ರೊಳಗೆ ಮರೆತುಬಿಡ್ತೀನಿ, ಚೀಟೀಲಿ ಬರೆದುಕೊಡು ಪುಟ್ಟಿ’ ಅನ್ನಿ. ನನ್ನ ಮರೆವು ಅವಳಿಗೆ ಹಳೇದಾಯ್ತು. ನಿಮ್ಮ ಮಗಳನ್ನ ಮಾತ್ರ ಸ್ವಲ್ಪ ದೂರ ನಿಲ್ಲಿಸಿ.”